ಜಾಹೀರಾತು ಸರ್ ಕ್ಲಾಸಿಗೆ ಬೇರೆ ಕೋರ್ಸಿನವರೂ ನುಗ್ತಾರೆ. ಇದು ಪಾಠವೋ, ಬರೀ ಮಜವೋ?

ವಿಭಾಗ: ಮುಂಬೈ ಕನ್ನಡಿಗರು / ಓದು, ಕಾಲೇಜು, ಕೆಲಸ

ವಡಾಳದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಿಎಎಂಎಂಸಿ (ಮಾಧ್ಯಮದ ಡಿಗ್ರಿ ಕೋರ್ಸ್) ಕೊನೇ ವರ್ಷ, ಜಾಹೀರಾತು ವಿಭಾಗ. ಹಳಬರಿಗೆ ಬಿಎಂಎಂ ಅಂದ್ರೆ ಬೇಗ ಗೊತ್ತಾಗುತ್ತೆ. ಕಾಲೇಜಿನ ಹೆಸರು, ಸರ್ ಹೆಸರು ಎರಡೂ ಹೇಳಲ್ಲ. ಊಹೆ ಮಾಡಿದವರೂ ದಯವಿಟ್ಟು ಇಲ್ಲಿ ಬರೀಬೇಡಿ.

ನಮಗೆ ಕಾಪಿರೈಟಿಂಗ್ (ಜಾಹೀರಾತಿನ ಮಾತು ಬರೆಯೋದು), ಬ್ರ್ಯಾಂಡ್ ಬಿಲ್ಡಿಂಗ್ ಎರಡಕ್ಕೂ ಒಬ್ಬರೇ ವಿಸಿಟಿಂಗ್ ಸರ್. ಜಾಹೀರಾತು ಏಜೆನ್ಸಿಯಲ್ಲಿ ದುಡಿದು ಬಿಟ್ಟು ಬಂದವರು. ಲೆಕ್ಚರ್ ಬೆಳಗ್ಗೆ ಏಳೂಕಾಲಿಗೆ. ವಿರಾರ್, ಡೊಂಬಿವಲಿಯಿಂದ ಬರೋರು ಕತ್ತಲಲ್ಲೇ ಲೋಕಲ್ ಹಿಡೀಬೇಕು. ಆದ್ರೂ ಬರ್ತಾರೆ. ಬೇರೆ ಲೆಕ್ಚರಿಗೆ ಪ್ರಾಕ್ಸಿ ಹಾಕಿಸೋ ಗಿರಾಕಿಗಳೇ ಇಲ್ಲಿ ಮುಂದಿನ ಬೆಂಚಿಗೆ ಬ್ಯಾಗ್ ಎಸೆದು ಜಾಗ ಹಿಡೀತಾರೆ. ಹಿಂದಿನ ಗೋಡೆಗೆ ಒರಗಿಕೊಂಡು ಬಿಎಎಫ್ (ಅಕೌಂಟಿಂಗ್ ಕೋರ್ಸ್) ಹುಡುಗರು ನಿಂತಿರ್ತಾರೆ. ಅವರಿಗೆ ಹಾಜರಿಯೂ ಇಲ್ಲ, ಮಾರ್ಕೂ ಇಲ್ಲ.

ಮೊನ್ನೆ ಒಂದು ಮೈಸೂರು ಸ್ಯಾಂಡಲ್ ಸೋಪು ತಂದು ಮೇಜಿನ ಮೇಲಿಟ್ರು. "ಇದನ್ನ ಮಾರಿ. ಗಂಧ, ಪರಿಮಳ, ಪರಂಪರೆ, ಅಮ್ಮ, ಇಷ್ಟು ಪದ ಬಳಸೋ ಹಾಗಿಲ್ಲ" ಅಂದ್ರು. ನಾನು ಕನ್ನಡದವನು, ನಮ್ಮ ಸೋಪು, ನನಗೇ ಹೊಳೆಯುತ್ತೆ ಅಂತ ಕೂತೆ. ಒಂದು ಸಾಲೂ ಬರಲಿಲ್ಲ. ಕುರ್ಲಾದ ಒಬ್ಬ ಹುಡುಗಿ ಎದ್ದು ನಿಂತು, "ಸ್ನಾನ ಮಾಡಿ ಹೊರಗೆ ಬಂದೋರು ಯಾರು ಅಂತ ಇಡೀ ಚಾಳಿಗೆ ನೋಡದೇ ಗೊತ್ತಾಗುತ್ತೆ" ಅಂದ್ಳು (ಚಾಳು ಅಂದ್ರೆ ಒತ್ತೊತ್ತಾಗಿ ಮನೆಗಳಿರೋ ಕಟ್ಟಡ). ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಸರ್ ಹೊಗಳಲಿಲ್ಲ. ಬೋರ್ಡಿನ ಮೇಲೆ ಬರೆದು, 'ಇಡೀ' ಹೊಡೆದು ಹಾಕಿದ್ರು. ಆಮೇಲೆ 'ಸ್ನಾನ ಮಾಡಿ'ಯನ್ನೂ ಹೊಡೆದ್ರು. "ಸೋಪಿನ ಚಿತ್ರ ಪಕ್ಕದಲ್ಲೇ ಇರುತ್ತಲ್ಲ, ಸ್ನಾನ ಅಂತ ನೀನು ಯಾಕೆ ಹೇಳಬೇಕು?" ಅಂತ ಅವಳನ್ನೇ ಕೇಳಿದ್ರು. ಉಳಿದ ಹೊತ್ತು ಪೂರ್ತಿ ಆ ಒಂದು ಸಾಲನ್ನು ಹಿಡಿದು ಜಗ್ಗಾಡಿದ್ವಿ.

ಈಗ ವಿಷಯ. ಸ್ಟಾಫ್ ರೂಮಿನಲ್ಲಿ ಇವರ ಬಗ್ಗೆ "ಹುಡುಗರನ್ನ ನಗಿಸಿ ಕಳಿಸ್ತಾರೆ, ಸಿಲೆಬಸ್ ಎಲ್ಲಿ?" ಅನ್ನೋ ಮಾತು ನಡೀತಿದೆ. ಇಲ್ಲಿ ಏಜೆನ್ಸಿಯವರು, ಕಲಿಸೋರು ಇಬ್ಬರೂ ಇದ್ದೀರಿ. ಇಂಥ ಕ್ಲಾಸಿನಿಂದ ಮುಂದೆ ಏನಾದ್ರೂ ಉಪಯೋಗ ಉಂಟಾ?

ಮಾಟುಂಗಾ_ಮಾಣಿ

ಮೈಸೂರು ಸ್ಯಾಂಡಲ್ ಅಂದ ಕೂಡಲೆ ನನಗೆ ನೆನಪಾಗುದು 6.20 ಕೋಟಿ ಮಾರಾಯ್ರೆ. 2025ರಲ್ಲಿ ಸೋಪಿನ ರಾಯಭಾರಿ ಆಗ್ಲಿಕ್ಕೆ ತಮನ್ನಾ ಭಾಟಿಯಾಗೆ ಎರಡು ವರ್ಷಕ್ಕೆ ಕೊಟ್ಟದ್ದು. ನಿಮ್ಮ ಕುರ್ಲಾದ ಹುಡುಗಿಗೆ ಒಂದು ಡಜನ್ ಸೋಪು ಕೊಟ್ಟಿದ್ರೆ ಸಾಕಿತ್ತು.

ಕಲ್ಯಾಣದ_ಕಾಕಾ

ಆ ಮಾತು ತಗದ್ರೆ ಮುಗೀತು. ಧೋನಿನೂ ಒಂದ್ ಕಾಲಕ್ಕ ಇದೇ ಸೋಪಿಗೆ ಇದ್ದ, ಮರತ್ರೇನು? ನಮ್ಮ ಅಣ್ಣಾವ್ರು ನಂದಿನಿ ಹಾಲಿಗೆ ಒಂದ್ ಪೈಸಾ ಮುಟ್ಟಲಾರದ ನಿಂತ್ರು. ರೈತರ ಹಾಲು ಅಂತ.

ಮಾಟುಂಗಾ_ಮಾಣಿ

ಅಪ್ಪು ಸಹ ಹಾಗೆಯೇ ಮಾಡಿದ್ದು. ಅದು ಬೇರೆಯೇ ಕಾಲ ಬಿಡಿ.

ನಿರ್ವಾಹಕ

ಸೋಪು, ಹಾಲು ಎರಡಕ್ಕೂ ಹಳೇ ಚರ್ಚೆಗಳು ಇವೆ, ಅಲ್ಲಿ ಮುಂದುವರಿಸಿ. ಹುಡುಗ ಕೇಳಿದ್ದು ಮೇಷ್ಟ್ರ ಬಗ್ಗೆ.

ಮಾಜಿ_ಮಾಸ್ತರ

ಮುಂಬೈಯ ಕಾಮರ್ಸ್ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈ ಸಂಗತಿಯನ್ನು ಸ್ಟಾಫ್ ರೂಮಿನ ಕಡೆಯಿಂದಲೂ ನೋಡಬೇಕು.

ಸೋಪು, ಚಾಕಲೇಟು ಮೇಜಿನ ಮೇಲಿಟ್ಟು ಪಾಠ ಮಾಡುವ ಭಾಗ್ಯ ಎಲ್ಲ ವಿಷಯಕ್ಕೂ ಇಲ್ಲ. ರಾಷ್ಟ್ರೀಯ ವರಮಾನವನ್ನು ಮೇಜಿನ ಮೇಲೆ ಇಡಲು ಬರುವುದಿಲ್ಲ. ಏಳೂಕಾಲಿಗೆ ಇವರು ಹುಡುಗರನ್ನು ನಗಿಸಿ ಕಳುಹಿಸಿದ ಮೇಲೆ ಎಂಟೂಕಾಲಿಗೆ ಒಳಗೆ ಬರುವ ಮೇಡಂ ಪಾಡನ್ನು ಯಾರಾದರೂ ಯೋಚಿಸಿದ್ದೀರಾ? ಬಿಎಎಫ್ ಹುಡುಗರು ಹಿಂದೆ ನಿಂತಿರುತ್ತಾರೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಹೊತ್ತಿನಲ್ಲಿ ಅವರಿಗೆ ಬೇರೆ ಲೆಕ್ಚರ್ ಇರುತ್ತದೆ. ಅಲ್ಲಿ ಶೇ. 75 ಹಾಜರಾತಿ ಕಡಿಮೆಯಾದರೆ ಬ್ಲ್ಯಾಕ್ ಲಿಸ್ಟಿಗೆ ಹೋಗುವವರು ಅವರೇ.

ಇನ್ನೊಂದು. ಚೆನ್ನಾಗಿ ಮಾತಾಡುವ ಮೇಷ್ಟ್ರ ಕ್ಲಾಸಿನಿಂದ ಹೊರಬಂದಾಗ ಎಲ್ಲ ತಿಳಿಯಿತು ಅನ್ನಿಸುತ್ತದೆ. ಮರುದಿನ ಅದನ್ನೇ ಬರೆದು ತೋರಿಸು ಎಂದರೆ ಪೆನ್ನು ಮುಂದೆ ಹೋಗುವುದಿಲ್ಲ. ನಿಮಗೆ ಮೀಡಿಯಾ ಪ್ಲಾನಿಂಗ್, ಅಂದರೆ ಜಾಹೀರಾತನ್ನು ಎಲ್ಲಿ, ಎಷ್ಟು ಸಲ ಹಾಕಬೇಕು ಎಂಬ ಪೇಪರ್ ಇದೆ. ರೀಚ್ (ಶೇಕಡ ಎಷ್ಟು ಜನ ನೋಡಿದರು), ಫ್ರೀಕ್ವೆನ್ಸಿ (ಸರಾಸರಿ ಎಷ್ಟು ಸಲ), ಜಿಆರ್‌ಪಿ (ಅವೆರಡರ ಗುಣಲಬ್ಧ), ಎಲ್ಲವೂ ಲೆಕ್ಕ. ಜಾಹೀರಾತಿನ ಹಣದಲ್ಲಿ ದೊಡ್ಡ ಪಾಲು ಹೋಗುವುದು ಈ ಲೆಕ್ಕದ ಮೇಲೆ, ಚಾಳಿನ ಚಂದದ ಸಾಲಿನ ಮೇಲೆ ಅಲ್ಲ. ಅದನ್ನೂ ನಿಮ್ಮ ಸರ್ ಹೀಗೆ ರಂಗೇರಿಸಿ ಹೇಳಬಲ್ಲರೇ?

ಘಾಟ್ಕೋಪರ್_ವೈನಿ

ನನ್ನ ಮಗಳೂ ಇದೇ ಕೋರ್ಸ್ ತಗೊಂಡಾಳ್ರೀ, ಎರಡನೇ ವರ್ಷ. ಮನ್ಯಾಗ ಎಲ್ಲಾರೂ ಸಿಎ ಮಾಡು ಅಂದ್ರು, ಕೇಳಲಿಲ್ಲ. ನಮ್ಮ ಅತ್ತಿಯವರು ಸೊಲ್ಲಾಪುರದಿಂದ ಫೋನ್ ಮಾಡಿ "ಸುಳ್ಳ್ ಹೇಳೂದಕ್ಕೂ ಕಾಲೇಜ್ ಅದ ಏನು?" ಅಂತ ಕೇಳ್ತಾರ. ನಾ ಏನ್ ಹೇಳ್ಬೇಕು?

ಇನ್ನೊಂದ್ ಮಾತ. ನಮ್ಮ ಕಡೀಗೆ 2024ರ ಮೇ 13ಕ್ಕ ಆ ಹೋರ್ಡಿಂಗ್ ಬಿತ್ತಲ್ಲ, ಛೇಡಾನಗರದ ಪೆಟ್ರೋಲ್ ಪಂಪಿನ ಮ್ಯಾಲ, 17 ಮಂದಿ ಹೋದ್ರು. ಅವತ್ತಿನಿಂದ ಹೈವೇದಾಗ ದೊಡ್ಡ ಬೋರ್ಡ್ ಕಂಡ್ರ ನನಗ ಎದಿ ಝಲ್ ಅಂತದ. ಮಗಳಿಗೆ ಇದರ ಬಗ್ಗೆ ಏನರೆ ಕಲಸ್ತಾರೋ, ಬರೇ ಸಾಬಾನ ಮಾರೂದು ಕಲಸ್ತಾರೋ?

ವಡಾಳದ_ಹುಡುಗ

ವೈನಿ, ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಈ ವರ್ಷ ನಮ್ಮನ್ನ ಕ್ಲಾಸ್ ಬಿಟ್ಟು ಗ್ರೌಂಡಿಗೆ ಕರ್ಕೊಂಡು ಹೋದ್ರು. ಕೈಗೆ ಹಗ್ಗ ಕೊಟ್ರು, ಅಳತೆ ಟೇಪು ಕೊಟ್ರು. ಮೊದಲು 40 ಅಡಿ ಉದ್ದ, 40 ಅಡಿ ಅಗಲ ಒಂದು ಚೌಕ ಎಳೀರಿ ಅಂದ್ರು. ಪಾಲಿಕೆ ಹೋರ್ಡಿಂಗಿಗೆ ಇಟ್ಟಿದ್ದ ಮಿತಿ ಅದು. ನಾಲ್ಕು ಮೂಲೆಗೆ ನಾಲ್ಕು ಜನ ನಿಂತ್ವಿ. ಆಮೇಲೆ "ಘಾಟ್ಕೋಪರಿನದು ಎಳೀರಿ" ಅಂದ್ರು. ಪಾಲಿಕೆ ಆಗ ಹೇಳಿದ ಅಳತೆ 120ಕ್ಕೆ 120. ಹಗ್ಗ ಸಾಲಲಿಲ್ಲ, ನಮ್ಮ ಗ್ರೌಂಡೂ ಸಾಲಲಿಲ್ಲ, ಗೇಟಿನ ಹತ್ತಿರ ಹೋಗಿ ನಿಂತ್ವಿ.

"ಎಷ್ಟು ಪಟ್ಟು ದೊಡ್ಡದು?" ಅಂದ್ರು. ಎಲ್ಲರೂ ಮೂರು ಪಟ್ಟು ಅಂದ್ವಿ. ಲೆಕ್ಕ ಮಾಡಿ ಅಂದ್ರು. 1,600 ಚದರ ಅಡಿ, 14,400 ಚದರ ಅಡಿ. ಒಂಬತ್ತು ಪಟ್ಟು. ಅಷ್ಟೂ ಹಾಳೆಗೆ ಗಾಳಿ ಹೊಡೆಯುತ್ತೆ ಅಂತ ಹೇಳಿ ಸುಮ್ಮನಾದ್ರು. ಸ್ವಲ್ಪ ಹೊತ್ತಿನ ಮೇಲೆ, ಅಷ್ಟು ದೊಡ್ಡದು ಯಾರಿಗೆ ಬೇಕಾಗಿತ್ತು ಅಂತ ಕೇಳಿದ್ರು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಹೋಗೋ ಕಾರಿನವನಿಗೆ ದೂರದಿಂದ ಕಾಣಬೇಕು, ಎಷ್ಟು ದೂರದಿಂದ ಕಾಣುತ್ತೋ ಅಷ್ಟು ಬಾಡಿಗೆ. ಜಾಗ ಕೊಟ್ಟವನು, ಬೋರ್ಡ್ ನಿಲ್ಲಿಸಿದವನು, ಬಾಡಿಗೆಗೆ ಹಿಡಿದ ಕಂಪನಿ, ಅದನ್ನು ಆರಿಸಿದ ಮೀಡಿಯಾ ಪ್ಲಾನರ್, ಪರವಾನಗಿ ನೋಡಬೇಕಾದವನು, ಹೀಗೆ ಒಬ್ಬೊಬ್ಬರ ಪಾತ್ರ ಒಬ್ಬೊಬ್ಬರಿಗೆ ಕೊಟ್ಟು ಮಾತಾಡಿಸಿದ್ರು. ಪ್ಲಾನರ್ ಆಗಿದ್ದು ನಾನು. "ಸೈಟ್ ಚೆನ್ನಾಗಿತ್ತು ಸರ್" ಅಂದೆ. "ಪರವಾನಗಿ ಕಾಗದ ಕೇಳಿದ್ಯಾ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ಯಾರೂ ನಗಲಿಲ್ಲ, ಮಾಸ್ತರ್ ಸರ್.

ಮಾಜಿ_ಮಾಸ್ತರ

ಇದು ನಿಜಕ್ಕೂ ಒಳ್ಳೆಯ ಪಾಠ. ಆದರೆ ನನ್ನ ಜಿಆರ್‌ಪಿ ಪ್ರಶ್ನೆ ಹಾಗೆಯೇ ಇದೆ.

ವಡಾಳದ_ಹುಡುಗ

ಅದೂ ಇದೆ ಸರ್. ಮೀಡಿಯಾ ಪ್ಲಾನಿಂಗ್ ಮೇಡಂ ರಜೆಯಲ್ಲಿದ್ದಾಗ ಇವರೇ ತಗೊಂಡ್ರು. ಮಾಹಿಮ್ ಕಾಸ್‌ವೇ ಹತ್ತಿರದ ಒಂದು ಹೋರ್ಡಿಂಗ್ ಹೇಳಿ, ಕಳೆದ ವಾರ ಅದನ್ನ ನೋಡಿದವರು ಕೈ ಎತ್ತಿ ಅಂದ್ರು. ಕ್ಲಾಸಲ್ಲಿ 60 ಜನ, ಎದ್ದ ಕೈ 24. ಬೋರ್ಡಿನ ಮೇಲೆ 40 ಅಂತ ಬರೆದ್ರು, ಶೇ. 40 ರೀಚ್. ಎಷ್ಟೆಷ್ಟು ಸಲ ನೋಡಿದ್ರಿ ಅಂತ ಒಬ್ಬೊಬ್ಬರನ್ನೇ ಕೇಳಿ ಸರಾಸರಿ ತೆಗೆದ್ರು, 5 ಬಂತು. 40ನ್ನ 5ರಿಂದ ಗುಣಿಸಿ 200. ಇದೇ ಜಿಆರ್‌ಪಿ, ಮುಗೀತು ಅಂದ್ರು.

ಕೈ ಇಳಿಸೋಕೆ ಬಿಡಲಿಲ್ಲ. "ಯಾವ್ಯಾವ ಲೈನಿನವರು ನೋಡಿ" ಅಂದ್ರು. ಬೋರಿವಲಿ, ಅಂಧೇರಿ, ಬಾಂದ್ರಾ, ಎಲ್ಲ ವೆಸ್ಟರ್ನ್ ಕಡೆಯವರು. ಸೆಂಟ್ರಲ್, ಹಾರ್ಬರ್ ಕಡೆಯವರದು ಒಂದೂ ಕೈ ಇಲ್ಲ. "ನಿಮ್ಮ ಕ್ಲೈಂಟಿನ ಅಂಗಡಿ ಚೆಂಬೂರಲ್ಲಿದ್ರೆ ಈ 200 ಇಟ್ಕೊಂಡು ಏನು ಮಾಡ್ತೀರಿ?" ಕೊನೆಗೆ, ಆ ಹೋರ್ಡಿಂಗ್ ಯಾವ ಕಂಪನಿಯದು ಅಂತ ನೆನಪಿರೋರು ಮಾತ್ರ ಕೈ ಹಾಗೇ ಇಟ್ಕೊಳ್ಳಿ ಅಂದ್ರು. ನಾಲ್ಕೋ ಐದೋ ಉಳಿದ್ವು ಅಷ್ಟೆ. ಪರೀಕ್ಷೆಯಲ್ಲಿ ಆ ಲೆಕ್ಕ ಬಂದ್ರೆ ನಮ್ಮ ಕ್ಲಾಸಲ್ಲಿ ಯಾರೂ ತಪ್ಪು ಮಾಡಲ್ಲ.

ಲೋವರ್‌ಪರೇಲ್_ಕಾಪಿ

ತಡವಾಗಿ ಬಂದೆ, ಪಿಚ್ ಇತ್ತು. ಏಜೆನ್ಸಿಯಲ್ಲಿ ಕಾಪಿ ಬರೆಯೋದೇ ನನ್ನ ಕೆಲಸ, ಈಗ ಹೊಸಬರನ್ನ ಸೇರಿಸಿಕೊಳ್ಳೋ ಕೆಲಸವೂ ತಲೆ ಮೇಲೆ ಬಂದಿದೆ. ಸ್ವಲ್ಪ ಉದ್ದ ಬರೀತೀನಿ.

ಮಾಸ್ತರ್ ಸರ್, 'ರಂಗೇರಿಸಿ ಹೇಳೋದು' ಅನ್ನೋದನ್ನ ನಮ್ಮ ಕಸುಬಿನಲ್ಲಿ ಬೈಗುಳ ಅಂತ ತಗೊಳ್ಳೋಕಾಗಲ್ಲ. ಲಿಂಟಾಸ್ ಏಜೆನ್ಸಿಯನ್ನ ಮುನ್ನಡೆಸಿದ ಅಲಿಕ್ ಪದಮ್‌ಸಿ ಮುಂಬೈಯ ಇಂಗ್ಲಿಷ್ ರಂಗಭೂಮಿಯವರು. ಸರ್ಫ್‌ನ ಲಲಿತಾಜಿ ಬಂದದ್ದು ಅವರ ಕೈಯಿಂದ. ನಿರ್ಮಾ ಕಡಿಮೆ ಬೆಲೆಗೆ ಮಾರುಕಟ್ಟೆ ನುಂಗ್ತಾ ಇದ್ದಾಗ, ಜಾಸ್ತಿ ದುಡ್ಡು ಕೊಡೋದು ದಡ್ಡತನ ಅಲ್ಲ ಅಂತ ತರಕಾರಿ ಚೌಕಾಸಿ ಮಾಡೋ ಒಬ್ಬ ಗೃಹಿಣಿಯ ಬಾಯಲ್ಲಿ ಹೇಳಿಸಿದ್ರು. ಶ್ಯಾಮ್ ಬೆನಗಲ್ ಸಿನಿಮಾಕ್ಕೆ ಬರೋ ಮುಂಚೆ ಅದೇ ಲಿಂಟಾಸಲ್ಲಿ ಕಾಪಿರೈಟರ್. 2025ರಲ್ಲಿ ತೀರಿಕೊಂಡ ಪಿಯೂಷ್ ಪಾಂಡೆ ಒಗಿಲ್ವಿ ಏಜೆನ್ಸಿಗೆ ಸೇರೋಕೆ ಮುಂಚೆ ರಣಜಿ ಆಡಿದವರು, ಚಹಾ ರುಚಿ ನೋಡೋ ಕೆಲಸ ಮಾಡಿದವರು. ಇವರಲ್ಲಿ ಯಾರೂ ಜಾಹೀರಾತು ಪಠ್ಯಪುಸ್ತಕ ಓದಿ ಬಂದವರಲ್ಲ. ಹತ್ತು ಜನ ಕೂತ ಕೋಣೆಯಲ್ಲಿ ನಿಂತು, ಫೋನ್ ನೋಡ್ತಾ ಕೂತ ಕ್ಲೈಂಟ್ ತಲೆ ಎತ್ತೋ ಹಾಗೆ ಮಾಡೋದೇ ಪಿಚ್. ಬೆಳಗ್ಗೆ ಏಳೂಕಾಲಿಗೆ ನಿದ್ದೆಗಣ್ಣಿನ ಹುಡುಗರ ತಲೆ ಎತ್ತಿಸೋ ಮೇಷ್ಟ್ರು ಅದನ್ನ ದಿನಾ ಮಾಡಿ ತೋರಿಸ್ತಿದ್ದಾರೆ.

ಆದ್ರೆ ನಿಮ್ಮ ಮಾತಲ್ಲೂ ಹುರುಳಿದೆ. ಪೋರ್ಟ್‌ಫೋಲಿಯೊ ಹಿಡ್ಕೊಂಡು ಬರೋ ಹುಡುಗರಲ್ಲಿ ಹೆಚ್ಚಿನವರು ಚೆನ್ನಾಗಿ ಮಾತಾಡ್ತಾರೆ, ಬರೆಯೋಕೆ ಕೂರಿಸಿದ್ರೆ ಬೆವರ್ತಾರೆ. ಒಂದು 10 ಸೆಕೆಂಡಿನ ರೇಡಿಯೊ ಸ್ಪಾಟ್ ಬರಿ ಅಂತೀನಿ. ಅಂಗಡಿ ಹೆಸರು, ಎಲ್ಲಿದೆ, ಆಫರ್ ಏನು, ಯಾವತ್ತಿನವರೆಗೆ, ಇಷ್ಟು ಬರಲೇಬೇಕು. ಬರೆದು ಕೊಡ್ತಾರೆ. ಜೋರಾಗಿ ಓದು ಅಂತ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ್ರೆ 17 ಸೆಕೆಂಡು. ಅದರಲ್ಲಿ ಮೊದಲ ಆರು ಸೆಕೆಂಡು "ಈ ಹಬ್ಬದ ಶುಭ ಸಂದರ್ಭದಲ್ಲಿ ನಿಮ್ಮ ಮತ್ತು ನಿಮ್ಮ ಕುಟುಂಬದವರಿಗೆ" ಅನ್ನೋದಕ್ಕೇ ಖರ್ಚಾಗಿರುತ್ತೆ. ಈ ಸರ್ ಕುರ್ಲಾದ ಹುಡುಗಿಯ ಸಾಲಲ್ಲಿ 'ಇಡೀ' ಹೊಡೆದ್ರು ಅಂದ್ಯಲ್ಲ ತಮ್ಮ, ನಿಮ್ಮ ಕ್ಲಾಸಿನಲ್ಲಿ ನನಗೆ ಬೇಕಾದ್ದು ಅದೇ. ಸೋಪು ತಂದದ್ದು, ನಗಿಸಿದ್ದು ಎಲ್ಲ ಅದಕ್ಕೆ ದಾರಿ ಮಾಡಿಕೊಟ್ಟಿತು ಅಷ್ಟೆ. ಎಲ್ಲರೂ ಚಪ್ಪಾಳೆ ಹೊಡೆದ ಸಾಲನ್ನ ಎಲ್ಲರ ಮುಂದೆ ತಿದ್ದೋದು ಸುಲಭ ಅಲ್ಲ. ಅವಳಿಗೆ ಬೇಜಾರಾಗಲಿಲ್ವಾ?

ವಡಾಳದ_ಹುಡುಗ

ಮೊದಲು ಮುಖ ಸಪ್ಪೆ ಆಯ್ತು ಅಣ್ಣ. ಆಮೇಲೆ ಅವಳೇ ಎದ್ದು ಬಂದು 'ನೋಡದೇ' ಅನ್ನೋದನ್ನ ಸಾಲಿನ ಕೊನೆಗೆ ತಂದ್ಳು.

ಲೋವರ್‌ಪರೇಲ್_ಕಾಪಿ

ಹಾಗಿದ್ರೆ ಅವಳಿಗೆ ನನ್ನನ್ನ ಸಂಪರ್ಕಿಸೋಕೆ ಹೇಳು.

ವೈನಿ, ನಿಮ್ಮ ಅತ್ತೆಯವರ ಪ್ರಶ್ನೆಗೆ. ಸುಳ್ಳು ಹೇಳಿದ್ರೆ ಕೇಳೋರು ಇದ್ದಾರೆ. ಆಸ್ಕಿ ಅಂತ ಒಂದು ಸಂಸ್ಥೆ 1985ರಿಂದ ಇಲ್ಲೇ ಮುಂಬೈಯಲ್ಲಿದೆ, ಜಾಹೀರಾತಿನವರೇ ಸೇರಿ ಕಟ್ಟಿಕೊಂಡದ್ದು. ಯಾರು ಬೇಕಾದ್ರೂ ದೂರು ಕೊಡಬಹುದು, ನಿಮ್ಮ ಅತ್ತೆಯವರೂ ಕೊಡಬಹುದು. 2019ರ ಗ್ರಾಹಕ ಕಾನೂನು ಬಂದ ಮೇಲೆ ದಂಡ ಹಾಕೋ ಅಧಿಕಾರ ಸರ್ಕಾರಕ್ಕೂ ಇದೆ. ಹಾಗಂತ ಎಲ್ಲ ಶುದ್ಧ ಅಂತ ನಾನು ಹೇಳಲ್ಲ. ಬೆಳ್ಳಗಾಗು ಅಂತ 1975ರಿಂದ ಮಾರಿದ ಕ್ರೀಮಿನ ಹೆಸರಿಂದ 'ಫೇರ್' ಅನ್ನೋದು ಹೋಗಿದ್ದು 2020ರಲ್ಲಿ. ಅಷ್ಟೂ ವರ್ಷ ಅದಕ್ಕೆ ಬರೆದವರು ನಮ್ಮಂಥವರೇ.

ಘಾಟ್ಕೋಪರ್_ವೈನಿ

ಇದನ್ನ ಅತ್ತಿಯವರಿಗೆ ಓದಿ ತೋರಸ್ತೀನ್ರಿ. ಪಗಾರದ ಮಾತ್ ಯಾರೂ ಹೇಳವಲ್ರಿ?

ಲೋವರ್‌ಪರೇಲ್_ಕಾಪಿ

ಶುರುವಿನಲ್ಲಿ ಕಡಿಮೆ, ಕೆಲಸ ಜಾಸ್ತಿ ವೈನಿ. ರಾತ್ರಿ ಕೊನೇ ಲೋಕಲ್ ತಪ್ಪೋ ದಿನಗಳೂ ಇರ್ತವೆ. ಮೊದಲೇ ಗೊತ್ತಿರಲಿ.

ಮೀರಾರೋಡ್_ಅಕ್ಕ

ನಾನು ಬಹುಶಃ ಇದೇ ಸರ್ ಹತ್ತಿರ ಕಲಿತವಳು, ಬೇರೆ ಕಾಲೇಜಿನಲ್ಲಿ. ಗ್ರೌಂಡಿನ ಹಗ್ಗ ನಮ್ಮ ಕಾಲದಲ್ಲಿ ಇರಲಿಲ್ಲ. ನಮಗೆ ಕ್ಯಾಡ್‌ಬರಿ ಮಾಡಿಸಿದ್ರು. 2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಎಫ್‌ಡಿಎಯವರು (ಆಹಾರ, ಔಷಧ ನೋಡೋ ಸರ್ಕಾರಿ ಇಲಾಖೆ) ಡೇರಿ ಮಿಲ್ಕಿನಲ್ಲಿ ಹುಳ ಸಿಕ್ಕಿತು ಅಂದ ಪ್ರಕರಣ. ದೀಪಾವಳಿ ಹತ್ತಿರ ಬೇರೆ. ಕ್ಲಾಸಲ್ಲಿ ನಾನು ಕಿರಾಣಿ ಅಂಗಡಿಯವಳು, ನನ್ನ ಗೆಳತಿ ಮಗುವಿನ ತಾಯಿ. ಕಂಪನಿ ಆಗಿದ್ದ ಹುಡುಗರು ತಕ್ಷಣ "ಅಮಿತಾಭ್ ಬಚ್ಚನ್‌ನ ಕರೆಸ್ತೀವಿ" ಅಂದ್ರು. ಸರ್ ನನ್ನ ಕಡೆ ತಿರುಗಿ, "ಬಚ್ಚನ್ ಬಂದ್ರೆ ನಿನ್ನ ಡಬ್ಬದಲ್ಲಿರೋ ಹುಳ ಹೋಗುತ್ತಾ?" ಅಂದ್ರು. ಕಂಪನಿ ಮೊದಲು ಹೊದಿಕೆ ಬದಲಾಯಿಸಿ ಗಟ್ಟಿ ಮಾಡಿ, ಬಚ್ಚನ್ ಜಾಹೀರಾತು ತಂದದ್ದು 2004ರಲ್ಲಿ. ಆ ಕ್ರಮ ನಾವೇ ಜಗಳ ಆಡಿ ಕಂಡುಕೊಂಡೆವು.

ನಾನೀಗ ಜಾಹೀರಾತಿನಲ್ಲಿಲ್ಲ, ಬ್ಯಾಂಕಿನಲ್ಲಿ ಇದ್ದೇನೆ. ಆದರೂ ಯಾವುದೇ ದೂರು ಬಂದಾಗ ಕ್ಷಮಾಪಣೆ ಪತ್ರ ಟೈಪ್ ಮಾಡೋ ಮುಂಚೆ, ಸರಿ ಮಾಡಬೇಕಾದ್ದು ಏನು ಅಂತ ನೋಡುವ ರೂಢಿ ಅಲ್ಲಿಂದ ಬಂದದ್ದು. ಮಾಸ್ತರರ ಹಾಗೆ ನನ್ನದೂ ಒಂದು ದೂರಿದೆ, ಸರ್ ನೋಟ್ಸ್ ಕೊಡೋದಿಲ್ಲ. ಪರೀಕ್ಷೆಗೆ ನಾವೆಲ್ಲ ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯ ನೋಟ್ಸನ್ನೇ ನಂಬಿದ್ದು. ಅದು ಸರಿಯಲ್ಲ.

ಮಾಟುಂಗಾ_ಮಾಣಿ

ಒಟ್ಟು ನೋಡಿದ್ರೆ ಮಾಸ್ತರರ ಮೇಲೆ ಎಲ್ಲರೂ ಮುಗಿಬಿದ್ದ ಹಾಗುಂಟು. ಹೆಸರು ಯಾಕೆ ಹೇಳುದಿಲ್ಲ ಅಂತ ಹುಡುಗ ಹೇಳಲೇ ಇಲ್ವಲ್ಲ?

ವಡಾಳದ_ಹುಡುಗ

ಸಾಬೀತು ಮಾಡೋಕಾಗದ ಹೇಳಿಕೆ ಇರೋ ಒಂದು ಜಾಹೀರಾತು ತನ್ನಿ ಅಂತ ಸರ್ ಅಸೈನ್‌ಮೆಂಟ್ ಕೊಟ್ರು. ಎಲ್ಲರೂ ಟೂತ್‌ಪೇಸ್ಟು, ಹೇರ್ ಆಯಿಲ್ ತಂದ್ರು. ಒಬ್ಬ ನಮ್ಮ ಕಾಲೇಜಿನದೇ ಅಡ್ಮಿಷನ್ ಬ್ಯಾನರಿನ ಫೋಟೊ ತಂದ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಹಾಕಿದ್ದಾರೆ. ವಿದ್ಯಾಸಂಸ್ಥೆಗಳು ಪುರಾವೆ ಇಲ್ಲದೆ ಹಾಗೆ ಬರೆಯಬಾರದು ಅಂತ ಆಸ್ಕಿ ನಿಯಮದಲ್ಲೇ ಇದೆ. ಸರ್ ನಗಲಿಲ್ಲ, ಅವನನ್ನ ತಡೆಯಲೂ ಇಲ್ಲ. ಪುರಾವೆ ಕೇಳಿ ಮರ್ಯಾದೆಯಿಂದ ಒಂದು ಪತ್ರ ಬರಿ, ಆಫೀಸಿಗೆ ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಂಡು ಬಾ ಅಂದ್ರು. ಅವನು ಹಾಕಿಸ್ಕೊಂಡು ಬಂದ. ಮರುದಿನ ಸರ್‌ಗೆ ಕ್ಯಾಬಿನ್‌ಗೆ ಕರೆ ಬಂತು. ಸಿಲೆಬಸ್ ಮಾತು ಶುರುವಾಗಿದ್ದು ಅದಾದ ಮೇಲೇ.

ಮಾಜಿ_ಮಾಸ್ತರ

ಇದನ್ನು ಮೊದಲೇ ಬರೆದಿದ್ದರೆ ನನ್ನ ಅರ್ಧ ಮಾತು ಉಳಿಯುತ್ತಿತ್ತು.

ನೋಟ್ಸ್ ಕೊಡದಿರುವುದು ಮಾತ್ರ ತಪ್ಪು ಎಂದೇ ಹೇಳುತ್ತೇನೆ. ವಿರಾರ್‌ನಿಂದ ಬಂದು ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗ ಒಂದು ದಿನ ತಪ್ಪಿಸಿಕೊಂಡರೆ ಅವನ ಕೈಯಲ್ಲಿ ಏನೂ ಇರುವುದಿಲ್ಲ, ಏಕೆಂದರೆ ಇವರ ಪಾಠ ಆ ಕೋಣೆಯಲ್ಲಿ ಆ ಹೊತ್ತಿಗೆ ಮಾತ್ರ ಇರುತ್ತದೆ. ಯಾರಾದರೂ ಬರೆದಿಡಬೇಕು. ಅವರಿಗೆ ಬಿಡುವಿಲ್ಲದಿದ್ದರೆ ನೀವೇ ಬರೆಯಿರಿ.

ಇನ್ನು ಅವರು ವಿಸಿಟಿಂಗ್ ಎಂದಿರಿ, ಅಂದರೆ ಸಿಎಚ್‌ಬಿ, ತಾಸಿನ ಲೆಕ್ಕದ ನೇಮಕ. ಲೆಕ್ಚರಿಗೆ ಇಷ್ಟು ಎಂದು ಕೊಡುತ್ತಾರೆ. ಪರೀಕ್ಷೆಯ ತಿಂಗಳು, ದೀಪಾವಳಿ ರಜೆ, ಮೇ ತಿಂಗಳು ಖಾಲಿ. ಅಸೈನ್‌ಮೆಂಟ್ ತಿದ್ದಿದ್ದಕ್ಕೆ ಕಾಸಿಲ್ಲ, ಗ್ರೌಂಡಿನಲ್ಲಿ ಹಗ್ಗ ಎಳೆದದ್ದಕ್ಕೆ ಮೊದಲೇ ಇಲ್ಲ. ಮುಂದಿನ ಜೂನ್‌ನಲ್ಲಿ ಕರೆಯದೇ ಬಿಟ್ಟರೆ ಯಾರೂ ಕಾರಣ ಕೊಡಬೇಕಾಗಿಲ್ಲ. ನಾನು ಕಾಯಂ ಆಗಿದ್ದವನು, ನನಗೆ ಅಂಥ ಪತ್ರ ಬರೆಸುವ ಧೈರ್ಯಕ್ಕೆ ಬೆಲೆ ತೆರಬೇಕಾಗಿರಲಿಲ್ಲ. ಫೀಡ್‌ಬ್ಯಾಕ್ ಫಾರಂ ಬಂದಾಗ "ಮಜಾ ಬರುತ್ತೆ" ಎಂದು ಬರೆದು ಅವರ ವಿರುದ್ಧದ ಮಾತಿಗೆ ನೀವೇ ಸಾಕ್ಷಿ ಒದಗಿಸಬೇಡಿ. ಜಿಆರ್‌ಪಿ ಕಲಿಸಿದರು, ಇಂಥ ಘಟಕ ಮುಗಿಸಿದರು, ಇಂಥ ಲೆಕ್ಕ ಈಗ ಬರುತ್ತದೆ ಎಂದು ತಾರೀಖಿನ ಸಮೇತ ಬರೆಯಿರಿ.

ವಡಾಳದ_ಹುಡುಗ

ಆಯ್ತು ಸರ್. ಫಾರಂ ಮುಂದಿನ ವಾರ ಬರುತ್ತೆ. ಕ್ಲಾಸ್ ಗ್ರೂಪಿಗೆ ನಿಮ್ಮ ಈ ಪ್ಯಾರಾ ಹಾಕ್ತೀನಿ. ನೋಟ್ಸ್ ಬರೆಯೋಕೆ ಇಬ್ಬರು ಸಿಕ್ಕಿದ್ದಾರೆ.

ಲೋವರ್‌ಪರೇಲ್_ಕಾಪಿ

ತಮ್ಮ, ನಿನ್ನ ಪೋರ್ಟ್‌ಫೋಲಿಯೊನೂ ಕಳಿಸು. ಒಂದೇ ಷರತ್ತು, ಫೆವಿಕಾಲ್, ಕಾಂಡೋಮ್, ಅಮುಲ್ ಬೇಡ. ಬರೋ ಹುಡುಗರೆಲ್ಲ ಅವನ್ನೇ ತರ್ತಾರೆ, ಅವನ್ನ ಆಗಲೇ ದೊಡ್ಡವರು ಚೆನ್ನಾಗಿ ಮಾಡಿಟ್ಟಿದ್ದಾರೆ. ನಿನ್ನ ಬೀದೀಲಿ ಇರೋದು ಏನಾದ್ರೂ ತಗೋ.

ವಡಾಳದ_ಹುಡುಗ

ನಮ್ಮ ಬಿಲ್ಡಿಂಗ್ ಕೆಳಗೆ ಒಬ್ಬರು ಇಸ್ತ್ರಿಯವರು ಇದ್ದಾರೆ ಅಣ್ಣ. ಅವರಿಗೆ ಮಾಡ್ಲಾ?

ಲೋವರ್‌ಪರೇಲ್_ಕಾಪಿ

ಮಾಡು. ಮೊದಲು ಅವರಿಗೆ ಇನ್ನೂ ಗಿರಾಕಿ ಬೇಕಾ ಅಂತ ಕೇಳ್ಕೊಂಡು ಬಾ. ಇರೋ ಬಟ್ಟೇನೇ ಸಂಜೆಯೊಳಗೆ ಮುಗೀತಿಲ್ಲ ಅಂದ್ರೆ ಬ್ರೀಫೇ, ಅಂದ್ರೆ ಜಾಹೀರಾತು ಮಾಡಬೇಕಾದ ಕೆಲಸವೇ, ಬೇರೆ ಆಗುತ್ತೆ.